ಕೊಡಗಿನಿಂದ ಕಾಲೇಜು ಊರಿಗೆ: ಮೊದಲು ಆಳು, ಆಮೇಲೆ ಸಾಮಾನು

ಜೂನ್ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಮಗಳಿಗೆ ಮೈಸೂರಲ್ಲಿ ಸೀಟಾಯ್ತು, ರೂಮು ಯಾವಾಗ ಹಿಡಿಯೋದು? ಹಾಸಿಗೆ ಇಲ್ಲಿಂದಲೇ ಒಯ್ಯೋದಾ? ಬೆಂಗಳೂರಿಗೆ ಪಿಕಪ್ ಮಾಡೋದಾ, ಬಸ್ಸಲ್ಲೇ ಆಗುತ್ತಾ? ಒಬ್ಬೊಬ್ಬರಿಗೆ ಫೋನಲ್ಲಿ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲ ಒಂದೇ ಕಡೆ ಇರಲಿ ಅಂತ ಬರೆಯುತ್ತಿದ್ದೇನೆ. ಓದುವ ಮಕ್ಕಳಿಗೂ, ಹಣ ಹೊಂದಿಸುವ ಅಪ್ಪ ಅಮ್ಮನಿಗೂ.

ಆ ಊರುಗಳಲ್ಲಿ ಈ ತಿಂಗಳುಗಳಲ್ಲಿ ಏನು ನಡೆಯುತ್ತದೆ ಅಂತ ಮೊದಲು ತಿಳಿದಿರಲಿ. ಕೊನೆಯ ವರ್ಷದವರು ಖಾಲಿ ಮಾಡುತ್ತಾರೆ, ಹೊಸಬರು ನುಗ್ಗುತ್ತಾರೆ, ನಡುವೆ ಬಾಡಿಗೆಗೆ ಮಂಚ ಕೊಡುವ ಪಿಜಿಯವರು ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಶನಿವಾರ ಭಾನುವಾರ ಕಾಲೇಜಿನ ಸುತ್ತಲಿನ ಬೀದಿಗಳಲ್ಲಿ ಗೂಡ್ಸ್ ಆಟೋ, ಕಾರು, ಬಕೆಟ್ಟು ಹಿಡಿದ ಅಪ್ಪಂದಿರು, ಕಾಲಿಡಲು ಜಾಗ ಇರುವುದಿಲ್ಲ. ಇದು ಎಲ್ಲರಿಗೂ ಇರುವ ಗಲಾಟೆ. ನಮಗೆ ಇದರ ಮೇಲೆ ಇನ್ನೆರಡು ಸೇರಿಕೊಳ್ಳುತ್ತವೆ. ಒಂದು, ಮಳೆ. ಇನ್ನೊಂದು, ದುಡ್ಡು. ಕಾಫಿ, ಮೆಣಸು ಮಾರಿದ ಹಣ ಕೈಗೆ ಬರುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಫೀಸು, ಅಡ್ವಾನ್ಸು, ಗಾಡಿ ಬಾಡಿಗೆ ಎಲ್ಲ ಬಂದು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ತೋಟದ ಕೆಲಸವೂ ನಿಂತಿರುವ ಹೊತ್ತಲ್ಲಿ.

ಹಾಗಾಗಿ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಒಂದೇ ದಿನ, ಒಂದೇ ಗಾಡಿಯಲ್ಲಿ ಮುಗಿಸಲು ಹೋಗಬೇಡಿ. ಮೊದಲು ಆಳು, ಅಂದರೆ ಓದುವವರು, ಹೋಗಲಿ, ಒಂದು ಚೀಲದೊಂದಿಗೆ. ಸಾಮಾನು ಆಮೇಲೆ ಹೋಗುತ್ತದೆ. ಕೆಳಗಿನ ಎಲ್ಲ ಹಂತಗಳೂ ಈ ಲೆಕ್ಕದಲ್ಲೇ ಇವೆ.

ಹಂತ 1: ಸೀಟು ಗಟ್ಟಿಯಾಗುವ ತನಕ ಅಡ್ವಾನ್ಸ್ ಬೇಡ

ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲೇ. ಸಿಇಟಿ ಮೂಲಕ ಹೋಗುವವರಿಗೆ ಸೀಟು ಒಂದೇ ಸಲಕ್ಕೆ ಸಿಗುವುದಿಲ್ಲ. ಮೊದಲು ಅಣಕು ಹಂಚಿಕೆ ಬರುತ್ತದೆ, ಅಂದರೆ ಸುಮ್ನೆ ಒಂದು ಅಂದಾಜು. ಅದನ್ನು ನೋಡಿ ರೂಮು ಹುಡುಕಲು ಹೊರಟವರೂ ಇದ್ದಾರೆ, ದಯವಿಟ್ಟು ಬೇಡ. ಆಮೇಲೆ ಮೊದಲ ಸುತ್ತು, ಎರಡನೇ ಸುತ್ತು, ಕೆಲವು ವರ್ಷ ಅದರ ಮೇಲೂ ಒಂದು.

ಸೀಟು ಬಂದ ಮೇಲೆ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ನಿಮ್ಮಿಂದ ಒಂದು ಆಯ್ಕೆ ಕೇಳುತ್ತದೆ. ಇದನ್ನೇ ಎಲ್ಲರೂ ಚಾಯ್ಸ್ ಅನ್ನುವುದು. ಚಾಯ್ಸ್ 1 ಅಂದರೆ ಸೀಟು ಒಪ್ಪಿದೆ, ಫೀಸು ಕಟ್ಟಿ ಸೇರುತ್ತೇನೆ ಅಂತ. ಚಾಯ್ಸ್ 2 ಅಂದರೆ ಒಪ್ಪಿದೆ, ಆದರೆ ಮುಂದಿನ ಸುತ್ತಲ್ಲಿ ಇನ್ನೂ ಒಳ್ಳೆಯದು ಸಿಗುತ್ತದಾ ನೋಡೋಣ ಅಂತ. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನದು ನೋಡುತ್ತೇನೆ. ರೂಮು ಹುಡುಕಬೇಕಾದ್ದು ಚಾಯ್ಸ್ 1 ಒತ್ತಿದವರು ಮಾತ್ರ. ಚಾಯ್ಸ್ 2 ಒತ್ತಿದವರಿಗೆ ಮೈಸೂರಿನ ಸೀಟು ಹೋಗಿ ಬೆಂಗಳೂರಿನದು ಬರಬಹುದು. ಆಗ ಕೆಇಎಗೆ ಕಟ್ಟಿದ ಫೀಸು ಹೊಸ ಸೀಟಿನ ಲೆಕ್ಕಕ್ಕೆ ಹೋಗುತ್ತದೆ. ಪಿಜಿಗೆ ಕಟ್ಟಿದ ಅಡ್ವಾನ್ಸ್ ಹೋಗುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ನಿಯಮಗಳಲ್ಲಿ ವರ್ಷ ವರ್ಷ ಸಣ್ಣಪುಟ್ಟ ಬದಲಾವಣೆ ಆಗುತ್ತಿರುತ್ತದೆ, ಆ ವರ್ಷದ ಸೂಚನೆಯನ್ನು ನೀವೇ ಓದಿ. ಸೈಬರ್ ಸೆಂಟರ್‌ನವರು ಹೇಳಿದ್ದನ್ನೇ ನಂಬಿ ಒತ್ತಬೇಡಿ.

ಬಿಎ, ಬಿಕಾಂ, ಬಿಎಸ್‌ಸಿಯವರಿಗೆ ಇಷ್ಟು ತಲೆನೋವಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜಿಗೆ ಯುಯುಸಿಎಂಎಸ್ ಅನ್ನುವ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಕಾಲೇಜಿನಲ್ಲಿ ಸೇರಿದರೆ ಮುಗಿಯಿತು. ಅವರ ತರಗತಿ ಬೇಗ ಶುರುವಾಗುತ್ತದೆ, ಇಂಜಿನಿಯರಿಂಗ್‌ನವರದ್ದು ತಡ. ಈ ವ್ಯತ್ಯಾಸದಿಂದ ಒಂದು ಲಾಭ ಇದೆ. ಪಕ್ಕದ ಮನೆಯ ಹುಡುಗ ಬಿಕಾಂಗೆ ಮೊದಲೇ ಹೋಗಿದ್ದರೆ, ಅವನ ರೂಮಿನ ನೆಲದ ಮೇಲೆ ನಿಮಗೂ ವಾರದ ಮಟ್ಟಿಗೆ ಜಾಗ ಸಿಕ್ಕೀತು.

ಹಂತ 2: ಕಾಗದಪತ್ರ ಊರಲ್ಲೇ ಮುಗಿಸಿ

ಹೋದ ಮೇಲೆ ಒಂದು ಸರ್ಟಿಫಿಕೇಟಿಗಾಗಿ ಮತ್ತೆ ಬಸ್ಸು ಹತ್ತಿ ಬರುವುದು ಬೇಡ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನಕ್ಕೂ ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕುವಾಗ ಕೇಳುವುದು ಆ ಸಂಖ್ಯೆಯನ್ನೇ. ಹಳೆಯ ಆದಾಯ ಪತ್ರ ಇದ್ದರೆ ಅವಧಿ ಮುಗಿದಿದೆಯಾ ನೋಡಿಕೊಳ್ಳಿ.

ಕಾಲೇಜಿಗೆ ಸೇರುವಾಗ ಮೂಲ ಅಂಕಪಟ್ಟಿ, ಟಿಸಿ ಕೊಡಬೇಕಾಗುತ್ತದೆ. ಕೊಡುವ ಮೊದಲು ಪ್ರತಿಯೊಂದಕ್ಕೂ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿ ಮೇಲ್‌ನಲ್ಲಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದು ಕಟ್ಟು ಮಾಡಿಸಿ. ಪಿಜಿಯವರು, ಕಾಲೇಜು, ಬ್ಯಾಂಕು, ಲೈಬ್ರರಿ, ಎಲ್ಲರಿಗೂ ಬೇಕು.

ಈಗ ನಮ್ಮ ಕಡೆಯವರು ಎಡವುವ ಜಾಗ. ತುಂಬ ಮಕ್ಕಳ ಆಧಾರ್‌ಗೆ ಜೋಡಿಸಿರುವುದು ಅಪ್ಪನ ಮೊಬೈಲ್ ನಂಬರು. ಮಗ ಬೆಂಗಳೂರಲ್ಲಿ ಕೂತು ಅರ್ಜಿ ತುಂಬುತ್ತಾನೆ, ಒಟಿಪಿ ಬರುವುದು ತೋಟದಲ್ಲಿರುವ ಅಪ್ಪನ ಫೋನಿಗೆ. ಅಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟಿಲ್ಲ, ಟವರೂ ಸತ್ತಿದೆ. ಒಟಿಪಿ ಅಂದರೆ ಕೆಲವೇ ನಿಮಿಷ ಬಾಳುವ ರಹಸ್ಯ ಸಂಖ್ಯೆ, ಮರುದಿನ ನೋಡಿದರೆ ಪ್ರಯೋಜನ ಇಲ್ಲ. ಹೊರಡುವ ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ ವಿದ್ಯಾರ್ಥಿಯ ಸ್ವಂತ ನಂಬರು ಹಾಕಿಸಿ. ಬ್ಯಾಂಕ್ ಖಾತೆಗೂ ಅದೇ ನಂಬರು, ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿ. ವಿದ್ಯಾರ್ಥಿವೇತನದ ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ.

ಹಂತ 3: ಹಾಸ್ಟೆಲ್ಲೋ, ಪಿಜಿಯೋ, ರೂಮೋ

ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಇವೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ನಡೆಸುವಂಥವು. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಆನ್‌ಲೈನ್. ಅರ್ಹತೆ ಇದ್ದವರು ಸಿಗುತ್ತೋ ಇಲ್ಲವೋ ಅಂತ ಯೋಚಿಸದೆ ಅರ್ಜಿ ಹಾಕಿಬಿಡಿ. ಪಟ್ಟಿ ಬರುವುದು ತಡವಾಗಬಹುದು, ಅಲ್ಲಿಯವರೆಗೆ ಪಿಜಿಯಲ್ಲಿರಬೇಕಾಗಬಹುದು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದೇ ಹೋದರೆ ವಿದ್ಯಾಸಿರಿ ಅನ್ನುವ ಊಟ ವಸತಿ ನೆರವು ಇದೆ, ಅದನ್ನೂ ಕೇಳಿ. ನಿಮ್ಮ ಸಮುದಾಯದ ಸಮಾಜದ ಕಚೇರಿಗೂ ಒಂದು ಫೋನ್ ಹಾಕಿ. ಹಾಸ್ಟೆಲ್ ಇಲ್ಲದಿದ್ದರೂ ಪರಿಚಯದವರ ಮನೆ ಮಹಡಿ ಖಾಲಿ ಇರುವ ಸುದ್ದಿ ಅಲ್ಲಿ ಸಿಗುತ್ತದೆ.

ಪಿಜಿ ಅಂದರೆ ಊಟ, ಮಂಚ ಸೇರಿಸಿ ತಿಂಗಳಿಗೆ ಇಷ್ಟು ಅಂತ ಕೊಟ್ಟು ಇರುವ ಜಾಗ. 'ತ್ರೀ ಶೇರಿಂಗ್' ಅಂದರೆ ಒಂದು ರೂಮಲ್ಲಿ ಮೂರು ಜನ. ಮನೆ ಮಾಡಿ ನಾಲ್ಕೈದು ಜನ ಸೇರಿಕೊಂಡರೆ ತಲೆಗೆ ಕಡಿಮೆ ಬೀಳುತ್ತದೆ ಅಂತ ಲೆಕ್ಕ ಹಾಕುವವರು ತುಂಬ. ಎರಡನೇ ವರ್ಷದಿಂದ ಆ ಲೆಕ್ಕ ಸರಿ. ಮೊದಲ ವರ್ಷ, ಅದೂ ಮೊದಲ ತಿಂಗಳು ನನ್ನ ಮತ ಪಿಜಿಗೇ. ಅಡ್ವಾನ್ಸ್ ಒಂದೆರಡು ತಿಂಗಳ ಬಾಡಿಗೆಯಷ್ಟರಲ್ಲಿ ಮುಗಿಯುತ್ತದೆ, ಮಂಚ ಹಾಸಿಗೆ ಅಲ್ಲೇ ಇರುತ್ತದೆ, ಇಷ್ಟವಾಗದಿದ್ದರೆ ಬಿಡಬಹುದು. ಮನೆ ಅಂದರೆ ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಹಳೆಯ ಅಭ್ಯಾಸ ಪೂರ್ತಿ ಹೋಗಿಲ್ಲ. ಆ ಹಣಕ್ಕಾಗಿ ಇಟ್ಟುಕೊಂಡ ಮೆಣಸನ್ನು ಮಳೆಗಾಲದಲ್ಲಿ ಸಿಕ್ಕಿದ ರೇಟಿಗೆ ಮಾರುವುದು ಯಾಕೆ? ಮಕ್ಕಳು ಒಂದು ವರ್ಷ ಊರು ನೋಡಲಿ, ಸ್ನೇಹಿತರನ್ನು ಮಾಡಿಕೊಳ್ಳಲಿ, ಮುಂದಿನ ಕಾಫಿ ಹಣ ಬಂದ ಮೇಲೆ ಮನೆ ಮಾಡಿದರಾಯಿತು.

ಮನೆಯೇ ಬೇಕು ಅನ್ನುವವರಿಗೆ ಒಂದು ಗುಟ್ಟು. ಆಷಾಢದಲ್ಲಿ ಹುಡುಕಿ. ಮೈಸೂರು, ಬೆಂಗಳೂರಲ್ಲಿ ಸಂಸಾರಸ್ಥರು ಆ ತಿಂಗಳು ಹಾಲುಕ್ಕಿಸಿ ಹೊಸ ಮನೆಗೆ ಹೋಗುವುದು ಕಡಿಮೆ. ಖಾಲಿ ಬಿದ್ದ ಮನೆಯ ಓನರು ಚೌಕಾಶಿಗೆ ಸ್ವಲ್ಪ ಸಿಗುತ್ತಾರೆ. ನಮ್ಮ ಕಡೆ ಕಕ್ಕಡ ತಿಂಗಳಲ್ಲಿ ಶುಭಕಾರ್ಯ ಮಾಡುವುದಿಲ್ಲ, ಅಜ್ಜಿ ಗೊಣಗಬಹುದು. ಅಡ್ವಾನ್ಸ್ ಈಗ ಕೊಟ್ಟು ಹಾಲು ಆಮೇಲೆ ಉಕ್ಕಿಸುತ್ತೇವೆ ಅನ್ನಿ.

ಹಂತ 4: ಕಣ್ಣಾರೆ ನೋಡಿ, ಆಮೇಲೆ ಹಣ

ಫೋಟೋ ನೋಡಿ ಹಣ ಹಾಕಬೇಡಿ. 'ತುಂಬ ಜನ ಕೇಳ್ತಿದಾರೆ, ಟೋಕನ್ ಹಾಕಿಬಿಡಿ' ಅನ್ನುವ ಮಾತು ಈ ಸೀಸನ್‌ನಲ್ಲಿ ಪ್ರತಿಯೊಬ್ಬರೂ ಕೇಳುತ್ತೀರಿ. ಟೋಕನ್ ಅಂದರೆ ಜಾಗ ಹಿಡಿದಿಡಲು ಕೊಡುವ ಮುಂಗಡ. ಸಾಮಾನ್ಯವಾಗಿ ಅದು ವಾಪಸ್ ಬರುವುದಿಲ್ಲ. ಇನ್ನು ಕೆಲವರು ತಾವು ಸೈನ್ಯದಲ್ಲಿದ್ದೇವೆ, ವರ್ಗವಾಗಿದೆ, ಅದಕ್ಕೇ ಕಡಿಮೆ ಬಾಡಿಗೆಗೆ ಕೊಡುತ್ತಿದ್ದೇವೆ ಅಂತ ನಂಬಿಸಿ ಕ್ಯೂಆರ್ ಕೋಡ್ ಕಳಿಸುತ್ತಾರೆ. ಮನೆಗೊಬ್ಬರು ಸೈನ್ಯದಲ್ಲಿರುವ ಊರಿನವರು ನಾವು, ಸೈನಿಕ ಅಂದ ಕೂಡಲೇ ನಂಬಿಬಿಡುತ್ತೇವೆ. ನೆನಪಿಡಿ: ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತು ಅಂದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತಿದೆ ಅಂತಲೇ ಅರ್ಥ. ಮೋಸ ಹೋದದ್ದು ಗೊತ್ತಾದ ಕ್ಷಣವೇ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ಕೈತಪ್ಪುತ್ತದೆ.

ನೋಡಲು ಹೋಗುವಾಗ ಒಂದು ಚೀಲ, ಎರಡು ಜೊತೆ ಬಟ್ಟೆ ಸಾಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. ಬೆಂಗಳೂರಿಗೆ ಒಂದೇ ದಿನದಲ್ಲಿ ಹೋಗಿ ಬರುವ ಹುಚ್ಚು ಬೇಡ, ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿಯಿರಿ. ಬೆಂಗಳೂರಲ್ಲಿ ಕಾಲೇಜಿನಿಂದ ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ, ಬೆಳಗ್ಗೆ ಎಂಟೂವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಕೇಳಿ. ಮೈಸೂರು ರಸ್ತೆ, ಕೆಂಗೇರಿ, ಜ್ಞಾನಭಾರತಿ ಕಡೆಯ ಕಾಲೇಜಾದರೆ ನಮ್ಮವರಿಗೆ ಅನುಕೂಲ, ಊರಿನ ದಾರಿಯ ಮೇಲೇ ಇದೆ. ನೇರಳೆ ಮಾರ್ಗದ ಮೆಟ್ರೋ 2023ರಿಂದ ಚಲ್ಲಘಟ್ಟದವರೆಗೂ ಬಂದಿದೆ.

ಜಾಗದಲ್ಲಿ ಏನು ನೋಡಬೇಕು? ಮೊದಲು ನೀರು. ಕಾವೇರಿ ನೀರು ಬರುತ್ತಾ, ಬೋರ್‌ವೆಲ್ಲಾ, ಟ್ಯಾಂಕರಾ ಅಂತ ಕೇಳಿ. ತಲಕಾವೇರಿ ಇರುವ ಜಿಲ್ಲೆಯಿಂದ ಹೋಗಿ ಹೀಗೆ ಕೇಳುವುದು ತಮಾಷೆ ಅನ್ನಿಸಬಹುದು, ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಪಿಜಿಗಳಲ್ಲಿ ಸ್ನಾನದ ನೀರಿಗೆ ಒದ್ದಾಡಿದವರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ರೂಮು ನೋಡುವಾಗ ನೀರಿನ ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೇ ಈಗಾಗಲೇ ಅಲ್ಲಿರುವ ಹುಡುಗರನ್ನು ಕೇಳಬೇಕು. ಓನರ್ ಎದುರಿಗೆ ಬೇಡ, ಹೊರಗೆ ಟೀ ಅಂಗಡಿಯಲ್ಲಿ. ಬೇಸಿಗೆಯಲ್ಲಿ ನೀರು ಹೇಗೆ, ಊಟ ಹೇಗೆ, ಬಿಟ್ಟು ಹೋದವರಿಗೆ ಅಡ್ವಾನ್ಸ್ ವಾಪಸ್ ಸಿಕ್ಕಿತಾ. ಮೂರೇ ಪ್ರಶ್ನೆ.

ಬೆಂಗಳೂರಿನ ಪಿಜಿಗಳಿಗೆ 2024ರಲ್ಲಿ ಬಿಬಿಎಂಪಿ ಕೆಲವು ನಿಯಮ ಮಾಡಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಗೆ ಆಹಾರ ಸುರಕ್ಷತೆ ಪರವಾನಗಿ ಇರಬೇಕು ಅಂತ. ಎಲ್ಲ ಕಡೆ ಪಾಲನೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ 10 ಅಡಿ ಉದ್ದ, 10 ಅಡಿ ಅಗಲದ ರೂಮಲ್ಲಿ ನಾಲ್ಕು ಮಂಚ ಹಾಕಿದ್ದರೆ ಅದು ತಪ್ಪು ಅಂತ ನಿಮಗೆ ಗೊತ್ತಿರಲಿ. ಕಿಟಕಿ ಇದೆಯಾ, ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ದಾರಿ ಇದೆಯಾ ನೋಡಿ. ಗೇಟು ರಾತ್ರಿ ಎಷ್ಟಕ್ಕೆ ಹಾಕುತ್ತಾರೆ ಅಂತ ಕೇಳಿ. ಊರಿಂದ ಬರುವ ಬಸ್ಸು ಗುಡ್ಡ ಜರಿದು ತಡವಾಗಿ ರಾತ್ರಿ ಹನ್ನೊಂದಕ್ಕೆ ಮುಟ್ಟಿದರೆ ಒಳಗೆ ಬಿಡುತ್ತಾರಾ ಅನ್ನುವುದು ನಮಗೆ ನಿಜವಾದ ಪ್ರಶ್ನೆ.

ಮಾಂಸಾಹಾರದ ವಿಷಯ ಮುಚ್ಚಿಡಬೇಡಿ. ಎಷ್ಟೋ ಓನರ್‌ಗಳು ಸಸ್ಯಾಹಾರಿಗಳಿಗೆ ಮಾತ್ರ ಅನ್ನುತ್ತಾರೆ. ಮೊದಲು ಹೂಂ ಅಂದು, ಆಮೇಲೆ ಊರಿಂದ ಬಂದ ಪಂದಿ ಕರಿ ಡಬ್ಬಿ ಬಿಚ್ಚಿ, ಒಂದೇ ವಾಸನೆಗೆ ರೂಮು ಬಿಡಬೇಕಾಗಿ ಬಂದರೆ ಸೆಮಿಸ್ಟರ್ ಮಧ್ಯೆ ಎಲ್ಲಿಗೆ ಹೋಗುತ್ತೀರಿ?

ಹಂತ 5: ಅಡ್ವಾನ್ಸ್ ಮತ್ತು ಕರಾರು

ಕೆಲವು ಪದಗಳನ್ನು ಮೊದಲು ತಿಳಿದುಕೊಳ್ಳಿ. ಅಡ್ವಾನ್ಸ್ ಅಂದರೆ ಬಿಡುವಾಗ ವಾಪಸ್ ಬರಬೇಕಾದ ಠೇವಣಿ. ಮೇಂಟೆನೆನ್ಸ್ ಅಂದರೆ ಬಾಡಿಗೆಯ ಮೇಲೆ ತಿಂಗಳಿಗೆ ಕೊಡುವ ನಿರ್ವಹಣೆ ಹಣ. ಕೆಲವು ಪಿಜಿಗಳಲ್ಲಿ ಮಾತ್ರ ಇದೇ ಹೆಸರಲ್ಲಿ ಒಂದು ಮೊತ್ತವನ್ನು ಅಡ್ವಾನ್ಸಿನಿಂದ ಮುರಿದುಕೊಳ್ಳುತ್ತಾರೆ, ಅದು ಎಷ್ಟು ಅಂತ ಮೊದಲೇ ಕೇಳಿ. ಪೇಂಟಿಂಗ್ ಚಾರ್ಜ್ ಅಂದರೆ ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಅಂತ ಹಿಡಿಯುವ ಹಣ, ಹೆಚ್ಚಾಗಿ ಒಂದು ತಿಂಗಳ ಬಾಡಿಗೆ. ಲಾಕ್ ಇನ್ ಅಂದರೆ ಇಷ್ಟು ತಿಂಗಳ ಮೊದಲು ಬಿಟ್ಟರೆ ಅಡ್ವಾನ್ಸ್ ಇಲ್ಲ ಅನ್ನುವ ಷರತ್ತು. ನೋಟಿಸ್ ಅಂದರೆ ಬಿಡುತ್ತೇನೆ ಅಂತ ಮುಂಚೆ ಹೇಳಬೇಕಾದ ಅವಧಿ. ಲೀಸ್ ಅಥವಾ ಭೋಗ್ಯ ಬೇರೆಯೇ ವ್ಯವಹಾರ, ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ವಿದ್ಯಾರ್ಥಿಗಳು ಅದರ ಹತ್ತಿರವೂ ಹೋಗಬೇಡಿ. ಓನರ್ ಸಾಲದಲ್ಲಿ ಮುಳುಗಿ ಬ್ಯಾಂಕಿನವರು ಮನೆಗೆ ಬಂದರೆ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಮನೆ ಕರಾರು 11 ತಿಂಗಳಿಗೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು, ಓಡಾಟ ಬೇಡ ಅಂತ 11ಕ್ಕೆ ನಿಲ್ಲಿಸುತ್ತಾರೆ. ಇದರಲ್ಲಿ ಮೋಸ ಏನಿಲ್ಲ. ಸಹಿ ಹಾಕುವ ಮಗನಿಗೋ ಮಗಳಿಗೋ 18 ತುಂಬಿದೆಯಾ ನೋಡಿ. ತುಂಬಿಲ್ಲದಿದ್ದರೆ ಆ ಸಹಿಗೆ ಕಾನೂನಿನಲ್ಲಿ ಬೆಲೆ ಇಲ್ಲ, ಅಪ್ಪನೋ ಅಮ್ಮನೋ ಹೋಗಬೇಕು. ಪಿಯುಸಿ ಮುಗಿಸಿದವರಲ್ಲಿ 17ರವರು ಸಾಕಷ್ಟು ಜನ ಇರುತ್ತಾರೆ.

ಹಣ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ಗುರುತಿಗೆ ಇರಲಿ. ನಗದು ಕೊಟ್ಟರೆ ರಸೀದಿ ಕೇಳಿ. ಪಿಜಿಯವರು ಕರಾರು ಪತ್ರ ಕೊಡದಿದ್ದರೆ ಅಡ್ವಾನ್ಸ್ ಎಷ್ಟು, ಎಷ್ಟು ಮುರಿದುಕೊಳ್ಳುತ್ತೀರಿ, ನೋಟಿಸ್ ಎಷ್ಟು ದಿನ ಅಂತ ವಾಟ್ಸಾಪ್‌ನಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ. ಬಾಯಿಮಾತು ಬಿಡುವ ಹೊತ್ತಿಗೆ, ಮೇ ತಿಂಗಳಲ್ಲಿ, ಯಾರಿಗೂ ನೆನಪಿರುವುದಿಲ್ಲ. ಒಳಗೆ ಹೋದ ದಿನವೇ ಗೋಡೆ, ಮಂಚ, ಬಾತ್‌ರೂಮಿನ ವಿಡಿಯೋ ಮಾಡಿ ಅದೇ ನಂಬರಿಗೆ ಕಳಿಸಿಬಿಡಿ.

ಹಂತ 6: ಏನು ಒಯ್ಯಬೇಕು, ಏನು ಬಿಡಬೇಕು

ನಮ್ಮ ಮನೆಗಳಲ್ಲಿ ಮಗು ಹೊರಡುತ್ತದೆ ಅಂದರೆ ಅರ್ಧ ಅಡುಗೆಮನೆ ಕಟ್ಟಿಕೊಡುತ್ತಾರೆ. ಅಮ್ಮಂದಿರೇ, ಸ್ವಲ್ಪ ತಡೆಯಿರಿ.

ಹಾಸಿಗೆ ಒಯ್ಯಬೇಡಿ. ಜುಲೈನಲ್ಲಿ ಕೊಡಗಿನ ಹತ್ತಿಯ ಹಾಸಿಗೆ ಎಷ್ಟು ಒಣಗಿದೆ ಅಂತ ನಿಮಗೆ ಅನ್ನಿಸಿದರೂ ಒಳಗೆ ತೇವ ಇರುತ್ತದೆ. ಪ್ಲಾಸ್ಟಿಕ್ ಸುತ್ತಿ ಗಾಡಿಯಲ್ಲಿ ಹಾಕಿ, ಮುಚ್ಚಿದ ರೂಮಲ್ಲಿ ವಾರ ಇಟ್ಟರೆ ಬೂಸ್ಟು ಗ್ಯಾರಂಟಿ. ಬಟ್ಟೆಯೂ ಅಷ್ಟೇ. ಒಲೆ ಮೇಲೆ ಒಣಗಿಸಿದ ಬಟ್ಟೆಗೆ ಹೊಗೆ ವಾಸನೆ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ, ಪಕ್ಕದ ಮಂಚದವನಿಗೆ ಗೊತ್ತಾಗುತ್ತದೆ. ಒಂದು ವಾರಕ್ಕೆ ಬೇಕಾದಷ್ಟು ಬಟ್ಟೆ ಮಾತ್ರ ಒಯ್ದು, ಅಲ್ಲಿನ ಬಿಸಿಲಲ್ಲಿ ಒಗೆದು ಒಣಗಿಸಿಕೊಳ್ಳಿ. ಬಕೆಟ್ಟು, ಮಗ್ಗು, ಹ್ಯಾಂಗರ್, ದಿಂಬು ಎಲ್ಲ ಅಲ್ಲೇ ಸಿಗುತ್ತದೆ. ಅಜ್ಜನ ಕಾಲದ ಬೀಟೆ ಮೇಜು ಎಷ್ಟೇ ಚೆನ್ನಾಗಿದ್ದರೂ ಮೂರನೇ ಮಹಡಿಯ ಪಿಜಿಗೆ ಬೇಡ.

ಒಯ್ಯಬೇಕಾದ್ದು: ದಪ್ಪ ಕಂಬಳಿ ಒಂದು, ಮಳೆಕೋಟು, ಒಂದು ಬೀಗ, ಎಕ್ಸ್‌ಟೆನ್ಶನ್ ಬೋರ್ಡು, ನಿತ್ಯದ ಔಷಧ, ಕಾಗದಪತ್ರದ ಫೈಲು. ಕಾಫಿಪುಡಿ ಖಂಡಿತ ಒಯ್ಯಿರಿ, ಪಿಜಿ ಕಾಫಿ ಕುಡಿದ ಮೇಲೆ ನೀವೇ ಒಪ್ಪುತ್ತೀರಿ. ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ), ಜೇನು ಬಾಟಲಿಗಳ ಬಾಯಿಗೆ ಟೇಪ್ ಸುತ್ತಿ, ನೇರವಾಗಿ ನಿಲ್ಲಿಸಿ, ಬಟ್ಟೆ ಚೀಲದಲ್ಲಿ ಇಡಬೇಡಿ. ಕಾಚಂಪುಳಿ ಕಲೆ ಬಿಳಿ ಲ್ಯಾಬ್ ಕೋಟಿನಿಂದ ಹೋಗುವುದಿಲ್ಲ. ಮನೆಯಲ್ಲಿ ಮಾಡಿದ ವೈನ್ ಬಾಟಲಿ ಹಾಸ್ಟೆಲಿಗೂ ಬೇಡ, ಪಿಜಿಗೂ ಬೇಡ. ವಾರ್ಡನ್‌ಗೆ ಅದು ಅಮ್ಮನ ಪ್ರೀತಿ ಅಂತ ಅರ್ಥವಾಗುವುದಿಲ್ಲ.

ಮನೆ ಮಾಡಿ ಅಡುಗೆ ಮಾಡಿಕೊಳ್ಳುವವರು ಊರಿನ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಹೋಗಬೇಡಿ. 5 ಕೆ.ಜಿ.ಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ದಾಖಲೆ ಬೇಡ. ಇಂಡೇನ್‌ನವರು ಇದನ್ನು ಛೋಟು ಅನ್ನುವ ಹೆಸರಲ್ಲಿ ಮಾರುತ್ತಾರೆ.

ಹಂತ 7: ದಾರಿ ಮತ್ತು ಗಾಡಿ

ಮೇಲಿನ ಹಾಗೆ ಮಾಡಿದರೆ ನಿಮಗೆ ಬಸ್ಸೇ ಸಾಕು. ಕೆಎಸ್‌ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗೆ ಲಗೇಜ್ ಉಚಿತ. ಅಪ್ಪ, ಅಮ್ಮ, ಮಗಳು ಮೂವರು ಹೋದರೆ 90 ಕೆ.ಜಿ. ಆಯಿತು, ಅಷ್ಟು ಸಾಮಾನು ಮೊದಲ ತಿಂಗಳಿಗೆ ಯಾರಿಗೂ ಬೇಕಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಾತ್ರ. ರಾಜಹಂಸ, ಐರಾವತಕ್ಕೆ ಹಣ ಕೊಡಬೇಕು. ಭಾನುವಾರ ಸಂಜೆಯ ಬಸ್ಸು ಹತ್ತಬೇಡಿ, ವಾರಾಂತ್ಯಕ್ಕೆ ಬಂದ ಪ್ರವಾಸಿಗರೂ ಊರಿಗೆ ಬಂದ ವಿದ್ಯಾರ್ಥಿಗಳೂ ಒಟ್ಟಿಗೆ ವಾಪಸ್ ಹೊರಡುವ ಹೊತ್ತು ಅದು. ಮಂಗಳವಾರ, ಬುಧವಾರ ಬೆಳಗ್ಗೆ ಹೊರಡಿ. ಬೆಂಗಳೂರಲ್ಲಿ ನಮ್ಮ ಕಡೆಯ ಬಸ್ಸುಗಳು ನಿಲ್ಲುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ. ಬಸ್ಸು ಕೆಂಗೇರಿಯಲ್ಲಿ ನಿಲ್ಲಿಸುತ್ತದಾ ಅಂತ ಕಂಡಕ್ಟರನ್ನು ಕೇಳಿ, ಅಲ್ಲೇ ಇಳಿದರೆ ಮೆಟ್ರೋ ಹತ್ತಿರ. ದೊಡ್ಡ ಪೆಟ್ಟಿಗೆ ಇದ್ದರೆ ಮಾತ್ರ ಮೆಟ್ರೋದಲ್ಲಿ ಬಿಡದೆ ಇರಬಹುದು.

ನಾಲ್ಕೈದು ಜನ ಸೇರಿ ಮನೆ ಮಾಡಿದ್ದರೆ ಆಗ ಗಾಡಿ ಬೇಕು. ಒಂದೇ ಊರಿಗೆ ಹೋಗುವ ಎರಡು ಮೂರು ಕುಟುಂಬ ಸೇರಿ ಒಂದು ಪಿಕಪ್ ಮಾಡಿ. ರೇಟು ಮಾತಾಡುವಾಗ ಲೋಡಿಂಗ್, ಇಳಿಸುವುದು, ಟೋಲ್, ವಾಪಸ್ ಖಾಲಿ ಬರುವ ಬಾಡಿಗೆ ಎಲ್ಲ ಸೇರಿ ಎಷ್ಟು ಅಂತಲೇ ಕೇಳಿ. ಊರಿನ ಡ್ರೈವರಿಗೆ ಬೆಂಗಳೂರಿನ ಒಳಗಿನ ದಾರಿ ಗೊತ್ತಿಲ್ಲದಿರಬಹುದು, ಪೀಕ್ ಹೊತ್ತಲ್ಲಿ ಗೂಡ್ಸ್ ಗಾಡಿಗಳಿಗೆ ಕೆಲವು ರಸ್ತೆಗಳಲ್ಲಿ ನಿರ್ಬಂಧವೂ ಇದೆ. ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ಮುಟ್ಟುವ ಹಾಗೆ ಹೊರಡಿ. ಟಾರ್ಪಾಲ್ ಎರಡು ಪದರ ಕಟ್ಟಿಸಿ, ಕೆಳಗೂ ಒಂದು ಹಾಸಿ. ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ. ಪುಸ್ತಕಗಳಿಗೆ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು ಒಳ್ಳೆಯದು, ರಟ್ಟಿನ ಪೆಟ್ಟಿಗೆ ಕುಶಾಲನಗರ ದಾಟುವ ಮೊದಲೇ ಮೆತ್ತಗಾಗಿರುತ್ತದೆ. ಹಿಂದೆ ಸಾಮಾನಿನ ಜೊತೆ ಹುಡುಗರನ್ನು ಕೂರಿಸಬೇಡಿ, ಕಾನೂನಿಗೂ ವಿರುದ್ಧ, ಅಪಾಯವೂ ಹೌದು.

ಮಂಗಳೂರು ಕಡೆಗೆ ಹೋಗುವವರಿಗೆ ಬೇರೆ ಮಾತು. ಸಂಪಾಜೆ ಘಾಟಿ ಮಳೆಗಾಲದಲ್ಲಿ ನಮ್ಮ ಮಾತು ಕೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿತ್ತು. ಜೋರು ಮಳೆಯ ವರ್ಷಗಳಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳನ್ನು ತಡೆಯುವುದೂ ಇದೆ. ದಾರಿ ಬಂದ್ ಅಂದರೆ ಶಿರಾಡಿ ಮೇಲೆ ಸುತ್ತಿ ಹೋಗುತ್ತೇವೆ ಅಂತ ಹೊರಡುವವರಿದ್ದಾರೆ, ಅದೇ ಮಳೆಗೆ ಅಲ್ಲೂ ಗುಡ್ಡ ಜರಿಯುತ್ತದೆ. ಒಂದೆರಡು ದಿನ ಮುಂದೂಡಿ, ಕಾಲೇಜಿಗೆ ಫೋನ್ ಮಾಡಿ ಹೇಳಿ, ಅಷ್ಟೇ. ಭಾಗಮಂಡಲ, ನಾಪೋಕ್ಲು ಕಡೆಯವರು ರಸ್ತೆಯ ಮೇಲೆ ನೀರು ಬರುವ ಸೂಚನೆ ಕಂಡರೆ ಹಿಂದಿನ ದಿನವೇ ಮಡಿಕೇರಿಗೆ ಬಂದು ಉಳಿಯುವುದು ಒಳ್ಳೆಯದು. ದಾರಿ ಬಗ್ಗೆ ಅನುಮಾನ ಇದ್ದರೆ ಜಿಲ್ಲಾ ಸಹಾಯವಾಣಿ 1077ಕ್ಕೆ ಕೇಳಿ. ಗೋಣಿಕೊಪ್ಪದಿಂದ ತಿತಿಮತಿ, ಆನೆಚೌಕೂರು ಮೇಲೆ ಹುಣಸೂರಿಗೆ ಹೋಗುವವರು ಬೆಳಕಿದ್ದಾಗಲೇ ಕಾಡು ದಾಟಿ. ಆನೆ ವಿಷಯ ನಿಮಗೆ ನಾನು ಹೇಳಬೇಕಾ?

ಬೈಕು ಒಯ್ಯುವ ಹುಡುಗರಿಗೆ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹೊತ್ತು ಜಾಸ್ತಿ ಹಿಡಿಯುತ್ತದೆ. ಮೊದಲ ಸೆಮಿಸ್ಟರ್ ಬೈಕು ಊರಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಮೈಸೂರಲ್ಲಿ ಸಿಟಿ ಬಸ್ಸು ಸಾಕು. ಬೆಂಗಳೂರಲ್ಲಿ ಪಿಜಿ ಮುಂದೆ ಬೈಕು ನಿಲ್ಲಿಸಲು ಜಾಗ ಸಿಗುವುದೇ ಒಂದು ಹೋರಾಟ.

ಹಂತ 8: ಮೊದಲ ವಾರ

ಹೋದ ದಿನವೇ ಅಪ್ಪ ಅಮ್ಮ ಎಲ್ಲ ಕೊಂಡು ಮುಗಿಸಬೇಡಿ. ಎರಡು ರಾತ್ರಿ ಮಲಗಿದ ಮೇಲೆ ಏನು ಬೇಕು ಅಂತ ಮಕ್ಕಳಿಗೇ ಗೊತ್ತಾಗುತ್ತದೆ. ರೂಮ್‌ಮೇಟಿನ ನಂಬರು, ಅವರ ಮನೆಯವರ ನಂಬರು, ಪಿಜಿ ಮ್ಯಾನೇಜರ್ ನಂಬರು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ, ಮೊಬೈಲಲ್ಲಿ ಮಾತ್ರ ಇದ್ದರೆ ಸಾಲದು. ಊರಲ್ಲಿ ನೆಟ್‌ವರ್ಕ್ ಹೋದ ದಿನಗಳಲ್ಲಿ ಯಾರ ಮೂಲಕ ಸುದ್ದಿ ಮುಟ್ಟಿಸುವುದು ಅಂತಲೂ ಮಾತಾಡಿಕೊಳ್ಳಿ. ಪೇಟೆಯಲ್ಲಿರುವ ಒಬ್ಬ ನೆಂಟರೋ, ಪರಿಚಯದ ಅಂಗಡಿಯವರೋ. ಮೂರು ದಿನ ಫೋನ್ ಸಿಗದೆ ಇತ್ತ ಅಮ್ಮ, ಅತ್ತ ಮಗಳು ಅಳುವುದು ಪ್ರತಿ ಜುಲೈನ ಕಥೆ.

ಮನೆ ಮಾಡಿದವರು ಕರೆಂಟ್ ಬಿಲ್ಲಿನ ಗೃಹಜ್ಯೋತಿ ವಿಷಯ ವಿಚಾರಿಸಿ. ಬಾಡಿಗೆದಾರರಿಗೂ ಅದು ಸಿಗುತ್ತದೆ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಇನ್ನೂ ಜೋಡಣೆಯಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು. ಇದಕ್ಕೆ ಡಿ-ಲಿಂಕ್ ಅನ್ನುತ್ತಾರೆ, ಸೇವಾಸಿಂಧುವಿನಲ್ಲಿ ಮಾಡಬಹುದು.

ಮೊದಲ ತಿಂಗಳು ಕಳೆದ ಮೇಲೆ ಉಳಿದ ಸಾಮಾನು ತರಿಸಿಕೊಳ್ಳಿ, ಬೇಕಾದರೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಬರುವವರು ವಾಪಸ್ ಹೋಗುವಾಗ ಒಂದಿಷ್ಟು, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣಕ್ಕೆ ಬಂದಾಗ ಇನ್ನೊಂದಿಷ್ಟು. ಆ ಹೊತ್ತಿಗೆ ಮಳೆ ಇಳಿದಿರುತ್ತದೆ, ಪಿಕಪ್‌ನವರ ರೇಟೂ ಇಳಿದಿರುತ್ತದೆ.

ಹಂತ 9: ಬಿಡುವಾಗ

ರಜೆಗೆ ಊರಿಗೆ ಬರುವ ತಿಂಗಳಿಗೂ ಪಿಜಿಯವರು ಬಾಡಿಗೆ ಕೇಳುತ್ತಾರೆ. ಮಂಚ ಉಳಿಸಿಕೊಳ್ಳಲು ಅರ್ಧ ಬಾಡಿಗೆ ಸಾಕಾ ಅಂತ ಪರೀಕ್ಷೆ ಶುರುವಾಗುವ ಮೊದಲೇ ಮಾತಾಡಿ. ಪೂರ್ತಿ ಬಿಡುವುದಾದರೆ ನೋಟಿಸನ್ನು ವಾಟ್ಸಾಪ್‌ನಲ್ಲಿ, ತಾರೀಕು ಹಾಕಿ ಕಳಿಸಿ. ಒಂದು ತಿಂಗಳ ನೋಟಿಸ್ ಇದ್ದರೆ ಕೊನೆಯ ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ. ಪರೀಕ್ಷೆಯ ಗಡಿಬಿಡಿಯಲ್ಲಿ ಇದನ್ನು ಮರೆತು ಒಂದು ತಿಂಗಳ ಬಾಡಿಗೆ ಸುಮ್ನೆ ಕಳೆದುಕೊಳ್ಳುವವರು ಬಹಳ.

'ಕೊನೆ ತಿಂಗಳ ಬಾಡಿಗೆ ಕೊಡಲ್ಲ, ಅಡ್ವಾನ್ಸಲ್ಲಿ ಹಿಡ್ಕೊಳ್ಳಿ' ಅನ್ನುವುದಕ್ಕೆ ಓನರ್ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಹಾಗೆ ಮಾಡಿ. ಗೃಹಜ್ಯೋತಿ ನಿಮ್ಮ ಹೆಸರಲ್ಲಿದ್ದರೆ ಡಿ-ಲಿಂಕ್ ಮಾಡಿ, ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ನಿಮ್ಮ ಆಧಾರ್ ತಗೊಳ್ಳುವುದಿಲ್ಲ. ಬೀಗದ ಕೈ ಕೊಡುವ ದಿನ ಮತ್ತೆ ವಿಡಿಯೋ ಮಾಡಿ, ಸೇರುವ ದಿನ ಮಾಡಿದ್ದರ ಪಕ್ಕ ಇಟ್ಟು ತೋರಿಸಿ. ಬಕೆಟ್ಟು, ಹಾಸಿಗೆ, ಹ್ಯಾಂಗರ್ ಎಲ್ಲವನ್ನೂ ಊರಿಗೆ ಹೊತ್ತು ತರಬೇಡಿ, ಜೂನಿಯರ್‌ಗಳಿಗೆ ಅರ್ಧ ಬೆಲೆಗೆ ಕೊಟ್ಟುಬಿಡಿ. ಹೊಸದಾಗಿ ಬರುವವರಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೆ ಮಂಚವನ್ನೇ ಅವರಿಗೆ ದಾಟಿಸಿ. ಓನರಿಗೆ ಬದಲಿ ಆಳು ಸಿಕ್ಕರೆ ನಿಮ್ಮ ಅಡ್ವಾನ್ಸ್ ಬೇಗ ಕೈಗೆ ಬರುತ್ತದೆ.